ಕೂಗಿದವನಿಗೆ ಮೊದಲ ಲೋಟ

ಹಲಸಿನಕಾಯಿ ಹಪ್ಪಳ ತಟ್ಟುತ್ತಾ ಕೂತಿದ್ದೆ. ಬೇಯಿಸಿ ರುಬ್ಬಿದ ಹಿಟ್ಟು ಕೈಗೆ ಅಂಟುತ್ತಿತ್ತು. ಎಣ್ಣೆ ಸವರಿಕೊಂಡು ಒಂದೊಂದೇ ಉಂಡೆ ಬಾಳೆಎಲೆ ಮೇಲೆ ತಟ್ಟಿ, ಅಂಗಳದ ಚಾಪೆಗೆ ಕವುಚುತ್ತಿದ್ದೆ. ಮೇಲಿನ ಗುಡ್ಡದಿಂದ ಕರಿ ಬೂದಿ ಹಾರಿ ಬಂದು ಹಪ್ಪಳದ ಮೇಲೆಯೇ ಕೂರುತ್ತಿತ್ತು. ಆ ಹೊತ್ತಿಗೆ ಪಕ್ಕದ ತೋಟದ ಜಯಮ್ಮ ಬೇಲಿ ದಾಟಿ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಗಿರಿಜಕ್ಕ, ಹಿಟ್ಟು ಮುಚ್ಚಿಟ್ಟು ಏಳಿ. ನಿಮ್ಮ ಲೋಕಪ್ಪನ್ನ ನಮ್ಮ ಕಣದ ಕಂಬಕ್ಕೆ ಕಟ್ಟಿ ಹಾಕಿದ್ದಾರೆ."

"ಯಾಕೆ, ಎಂತ ಮಾಡಿದ?"

"ಬೆಂಕಿ ಇಟ್ಟಿದ್ದು ಅವನೇ ಅಂತೆ. ಇವತ್ತಿಂದು ಮಾತ್ರ ಅಲ್ಲ, ಈ ಬೇಸಿಗೆಯ ಎಲ್ಲಾನೂ."

ಲೋಕಪ್ಪ ನನ್ನ ಮೈದುನ, ನಮ್ಮ ಮನೆಯವರ ಒಬ್ಬನೇ ತಮ್ಮ. ಆಗ ಮೂವತ್ತು ದಾಟಿದ್ದ. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ಬಾಗಿಲಲ್ಲಿ ನಿಂತು ನನ್ನ ಟ್ರಂಕು ಇಳಿಸಿಕೊಂಡವನು ಅವನೇ. ಅವತ್ತು ಏನೋ ಹೇಳಬೇಕು ಅಂತ ಬಾಯಿ ತೆರೆದ, ತುಟಿ ನಡುಗಿತು, ಮಾತು ಬರಲಿಲ್ಲ. ಸುತ್ತ ಇದ್ದವರು ನಕ್ಕರು. ಅವನೂ ನಕ್ಕು ಟ್ರಂಕು ಹೊತ್ತುಕೊಂಡು ಒಳಗೆ ಹೋದ. ಅವನಿಗೆ ಚಿಕ್ಕಂದಿನಿಂದ ಉಗ್ಗು.

ಇದೆಲ್ಲ ತೊಂಬತ್ತರ ದಶಕದ ಮಾತು. ಊರಿಗೆಲ್ಲ ಸೇರಿ ಜಯಮ್ಮನ ಗಂಡ ಗೌಡರ ಮನೆಯಲ್ಲಿ ಒಂದು ಫೋನು ಇದ್ದ ಕಾಲ. ಮೊನ್ನೆ ಮೆಣಸಿನ ಬಳ್ಳಿಯ ಬುಡದಲ್ಲಿ ಉದುರಿದ ಕಾಳು ಆಯುತ್ತಿದ್ದೆ. ಗಾಳಿ ತಿರುಗಿ ಸುಟ್ಟ ಹುಲ್ಲಿನ ವಾಸನೆ ಬಂತು. ಕೈಯಲ್ಲಿದ್ದ ಕಾಳು ಹಾಗೇ ಇತ್ತು, ಮನಸ್ಸು ಮಾತ್ರ ಆ ಒಂದು ವರ್ಷಕ್ಕೆ ಹೋಗಿ ನಿಂತಿತು. ಆ ವರ್ಷ ಶಿವ ನಮಗೆ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಬರೆದಿಡಬೇಕು ಅನ್ನಿಸಿತು.

ನಮ್ಮ ಕಡೆ ಒಂದು ಪದ್ಧತಿ. ಕಾಫಿ ಹೂ ಅರಳಿಸುವ ಹೂ ಮಳೆ ಬರುವ ಮುಂಚಿನ ಎರಡು ತಿಂಗಳು ಗುಡ್ಡದ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಒಂದು ಕಿಡಿ ಬಿದ್ದರೂ ಸಾಕು, ಬೆಂಕಿ ಇಳಿದು ತೋಟದ ಅಂಚಿಗೆ ಬರುತ್ತದೆ. ಕಾಫಿ ಗಿಡದಲ್ಲಿ ಆಗ ಮೊಗ್ಗು ಇರುವ ಸಮಯ. ಬೆಂಕಿಯ ಝಳ ತಾಗಿದರೂ ಮೊಗ್ಗು ಕಮರಿ ಹೋಗುತ್ತದೆ. ಹಾಗಾಗಿ ಹೊಗೆ ಕಂಡವರು ಕೂಗು ಹಾಕಬೇಕು. ಕೂಗು ಕೇಳಿದ ಮೇಲೆ ಮನೆಗೊಬ್ಬರು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಓಡಬೇಕು. ಜಗಳ ಇದ್ದವರೂ ಓಡಬೇಕು, ಮಾತು ಬಿಟ್ಟವರೂ ಓಡಬೇಕು. ಬೆಂಕಿ ಬಡಿದು ಇಳಿದವರಿಗೆ ಹತ್ತಿರದ ಮನೆಯವರು ಮಜ್ಜಿಗೆ, ಬೆಲ್ಲ, ಅವಲಕ್ಕಿ ಕೊಡುವುದು ವಾಡಿಕೆ. ಮೊದಲ ಲೋಟ ಮಾತ್ರ ಕೂಗಿದವನಿಗೆ. ಅವನು ಕುಡಿಯುವವರೆಗೆ ಬೇರೆ ಯಾರೂ ತುಟಿಗೆ ಇಡುವುದಿಲ್ಲ. ಈ ಗುಡ್ಡದ ಬುಡಕ್ಕೆ ನಮ್ಮದೇ ಹತ್ತಿರದ ಮನೆ, ಹಾಗಾಗಿ ಮಜ್ಜಿಗೆ ಯಾವಾಗಲೂ ನನ್ನದೇ.

ಆ ಬೇಸಿಗೆ ಗುಡ್ಡಕ್ಕೆ ಮೇಲಿಂದ ಮೇಲೆ ಬೆಂಕಿ ಬಿತ್ತು. ಪ್ರತಿ ಸಲ ಕೂಗಿದವನು ಲೋಕಪ್ಪ. ನಾಲಗೆ ಹೊರಳದ ಅವನಿಗೆ ಕೂಗು ಮಾತ್ರ ಎಲ್ಲೂ ತಡೆಯದೆ ಬರುತ್ತಿತ್ತು. ಕಣಿವೆ ಆಚೆಯವರೆಗೂ ಕೇಳುವಂಥ ಕಂಠ. "ಬೆಂಕಿ ಬಿತ್ತು, ಬನ್ರೋ" ಅನ್ನುವುದು ಒಂದೇ ಉಸಿರಿಗೆ. ಆಮೇಲೆ ಎಲ್ಲರಿಗಿಂತ ಮುಂದೆ ನಿಂತು ಬಡಿಯುತ್ತಿದ್ದ. ಹುಬ್ಬು ಸುಟ್ಟುಕೊಂಡು ಬಂದು ಅಂಗಳದಲ್ಲಿ ಕೂತು ಮೊದಲ ಲೋಟ ಕುಡಿಯುತ್ತಿದ್ದ. ಜನ ಅವನ ಬೆನ್ನು ತಟ್ಟುತ್ತಿದ್ದರು. "ಲೋಕಪ್ಪ ಇಲ್ಲದಿದ್ದರೆ ಊರೇ ಬೂದಿ ಮಾರಾಯ" ಅನ್ನುತ್ತಿದ್ದರು. ನಾನೂ ಹೆಮ್ಮೆಪಟ್ಟು ಅವನ ಲೋಟಕ್ಕೆ ಒಂದು ಎಸಳು ಜಾಸ್ತಿ ಕರಿಬೇವು ಹಾಕುತ್ತಿದ್ದೆ.

ಇಷ್ಟು ಬೆಂಕಿ ಯಾಕೆ ಅಂತ ಹಿರಿಯರು ಕೂತು ಯೋಚನೆ ಮಾಡಿದರು. ಗುಡ್ಡದ ಚೌಡಿಗೆ ಸಿಟ್ಟು ಬಂದಿದೆ ಅಂತಾಯಿತು. ಗೌಡರ ಕಡೆಯವರು ಕೋಳಿ ಕೊಟ್ಟರು. ನಾವು ಲಿಂಗಾಯತರು, ನಮಗೆ ಕೋಳಿಯ ಮಾತಿಲ್ಲ, ಹಣ್ಣುಕಾಯಿ ಒಪ್ಪಿಸಿದೆವು. ಪಾಪ, ಚೌಡಿ ತಾನು ಮಾಡದ ತಪ್ಪಿಗೆ ಅಷ್ಟೆಲ್ಲ ಪೂಜೆ ಮಾಡಿಸಿಕೊಂಡಳು.

ಅವತ್ತು ಹಪ್ಪಳ ಬಿಟ್ಟು ಜಯಮ್ಮನ ಹಿಂದೆ ನಾನು ಓಡಿದೆ. ಅವಳ ಗಂಡ ಹಾಲಪ್ಪಗೌಡರ ಕಾಫಿ ಒಣಗಿಸುವ ಕಣದಲ್ಲಿ ಊರೇ ಸೇರಿತ್ತು. ಲೋಕಪ್ಪನನ್ನು ತಕ್ಕಡಿ ತೂಗುಹಾಕುವ ಕಂಬಕ್ಕೆ ಹಗ್ಗದಿಂದ ಕಟ್ಟಿದ್ದರು. ಮುಖದ ತುಂಬ ಮಸಿ. ಗೌಡರ ಮೇಸ್ತ್ರಿ ಅವನು ಕಡ್ಡಿ ಗೀರುವುದನ್ನು ಕಣ್ಣಾರೆ ನೋಡಿದ್ದ. ಆ ದಿನ ಬೆಂಕಿ ಗುಡ್ಡದಲ್ಲಿ ನಿಲ್ಲದೆ ಗೌಡರ ಮೇಲಿನ ತೋಟದ ಒಂದು ಅಂಚನ್ನೇ ತಿಂದಿತ್ತು. ಅವರ ತಂದೆ ನೆಟ್ಟ ಗಿಡಗಳು.

ನಮ್ಮ ಮನೆಯವರು ಆಗಲೇ ತಮ್ಮನಿಗೆ ಎರಡು ಬಿಗಿದಾಗಿತ್ತು. ಈಗ ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ಎಲ್ಲಾದರೂ ದೂರದ ಎಸ್ಟೇಟಿಗೆ ಬಿಟ್ಟು ಬರ್ತೀನಿ ಗೌಡ್ರೇ, ಇನ್ನು ಈ ಊರಿಗೆ ಕಾಲಿಡೋದು ಬೇಡ" ಅಂದರು.

ಗೌಡರು ಸುಟ್ಟ ಟೊಂಗೆಯೊಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. "ಅಲ್ಲೂ ಗುಡ್ಡ ಇರುತ್ತಲ್ಲಪ್ಪ" ಅಂದರು.

ಜನ ಪೊಲೀಸಿಗೆ ಕೊಡಿ ಅಂದರು. ಫೋನು ಗೌಡರ ಜಗಲಿಯಲ್ಲೇ ಇತ್ತು. ನಾನು ಆವತ್ತಿನವರೆಗೆ ಗಂಡಸರ ಮಧ್ಯೆ ಮಾತಾಡಿದವಳಲ್ಲ. ಕೈಯಲ್ಲಿ ಹಪ್ಪಳದ ಹಿಟ್ಟು ಇನ್ನೂ ಅಂಟಿತ್ತು. ಲೋಕಪ್ಪನ ಹತ್ತಿರ ಹೋಗಿ, "ಯಾಕಪ್ಪ ಮಾಡಿದೆ?" ಅಂತ ಕೇಳಿದೆ. ಅವನ ತುಟಿ ನಡುಗಿತು. ಗುಂಪಿನಲ್ಲಿ ಯಾರೋ, "ಬ-ಬ-ಬೆಂಕಿ" ಅಂತ ಅಣಕಿಸಿದರು. ಒಂದಿಬ್ಬರು ನಕ್ಕರು. ಲೋಕಪ್ಪ ಬಾಯಿ ಮುಚ್ಚಿದ. ಅವನ ಕುತ್ತಿಗೆ ನರ ಉಬ್ಬಿ, ಕೈ ಮುಷ್ಟಿ ಆಯಿತು. ಅದನ್ನು ನಾನೂ ನೋಡಿದೆ, ಜಯಮ್ಮನೂ ನೋಡಿದಳು.

ಜಯಮ್ಮ ಗಂಡನ ಕಡೆ ತಿರುಗಿ, "ನಮ್ಮಪ್ಪನ ಕುಡಿತ ಬಿಡಿಸಿದ ಡಾಕ್ಟರಮ್ಮ ಮಂಗಳೂರಲ್ಲಿದ್ದಾರಲ್ಲ, ಅವರ ಹತ್ತಿರ ಒಂದು ಸಲ ತೋರಿಸಲಿ" ಅಂದಳು.

"ಕುಡಿತ ಬೇರೆ, ಇದು ಬೇರೆ ಕಣೇ."

"ಬೇರೆ ಹೌದೋ ಅಲ್ಲವೋ ಅವರು ಹೇಳ್ತಾರೆ. ನೀವು ಯಾವಾಗ ಡಾಕ್ಟರಾದ್ರಿ?"

ಯಾರೂ ನಗಲಿಲ್ಲ, ಆದರೆ ಗೌಡರ ಮುಖ ಸ್ವಲ್ಪ ಸಡಿಲವಾಯಿತು. ಬಹಳ ಹೊತ್ತು ಟೊಂಗೆ ತಿರುಗಿಸುತ್ತಾ ನಿಂತರು. ಕೊನೆಗೆ, "ಮುಂದಿನ ವರ್ಷದ ಹೂ ಮಳೆವರೆಗೆ ನೋಡ್ತೀನಿ. ಅಷ್ಟರೊಳಗೆ ಇವನ ಕೈಯಿಂದ ಒಂದು ಕಿಡಿ ಬಿದ್ದರೂ ನಾನೇ ಕರಕೊಂಡು ಹೋಗಿ ಠಾಣೆಗೆ ಬಿಡ್ತೀನಿ. ಆಮೇಲೆ ಯಾರೂ ನನ್ನ ಹತ್ತಿರ ಬರಬಾರದು" ಅಂದರು. ಹಗ್ಗ ಬಿಚ್ಚಿದರು. ಅದು ಮೊದಲನೇ ಉಪಕಾರ.

ಘಟ್ಟದ ಬಸ್ಸು ಅಂದರೆ ನನಗೆ ಆಗದು. ಚಾರ್ಮಾಡಿ ತಿರುವಿನಲ್ಲಿ ನಿಂಬೆಹಣ್ಣು ಮೂಸುತ್ತಾ, ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಿಕೊಳ್ಳುತ್ತಾ ಇಳಿದೆ. ಲೋಕಪ್ಪ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದ. ಇನ್ನೊಂದು ಪಕ್ಕದಲ್ಲಿ ನಮ್ಮ ಮನೆಯವರು ಪೊಲೀಸಿನವರ ಹಾಗೆ ಅವನ ತೋಳು ಹಿಡಿದೇ ಇದ್ದರು.

ಡಾಕ್ಟರಮ್ಮ ವಯಸ್ಸಾದವರು, ಹತ್ತಿ ಸೀರೆ, ದಪ್ಪ ಕನ್ನಡಕ. ಲೋಕಪ್ಪನ ಹೆಸರು ಕೇಳಿದರು. ಅವನು ಹೇಳಲು ಶುರು ಮಾಡಿದ. "ಲೋ" ಅಲ್ಲೇ ಸಿಕ್ಕಿಕೊಂಡಿತು. ನಮ್ಮ ಮನೆಯವರು ವಾಡಿಕೆಯ ಹಾಗೆ, "ಲೋಕಪ್ಪ ಅಂತ ಮೇಡಂ" ಅಂದರು.

"ನಾನು ಅವರನ್ನ ಕೇಳಿದ್ದು" ಅಂದರು ಡಾಕ್ಟರಮ್ಮ. ಪೆನ್ನು ಕೆಳಗಿಟ್ಟು, ಕೈ ಕಟ್ಟಿ ಕಾದರು. ಗಡಿಯಾರ ನೋಡಲಿಲ್ಲ. ಹೆಸರು ಪೂರ್ತಿ ಬಂತು. ಆಮೇಲೆ ನಮ್ಮನ್ನು ಹೊರಗೆ ಕಳಿಸಿದರು.

ತಿರುಗಿ ಕರೆದಾಗ ಲೋಕಪ್ಪ ಬೆವೆತಿದ್ದ, ಆದರೆ ತಲೆ ಎತ್ತಿ ಕೂತಿದ್ದ. ಅವನ ಒಪ್ಪಿಗೆ ಕೇಳಿಯೇ ಡಾಕ್ಟರಮ್ಮ ನಮಗೆ ಹೇಳಿದರು. ಪ್ರತಿ ಬೆಂಕಿಯ ಹಿಂದೆ ಒಂದು ದಿನ ಇತ್ತು. ವಸ್ತಾರೆಯ ಮದುವೆ ಮನೆಯಲ್ಲಿ ಪಂಕ್ತಿ ತುಂಬ ಜನ ಅವನ ಉಗ್ಗು ಅಣಕಿಸಿ ನಕ್ಕ ದಿನ. ಮಲ್ಲಂದೂರಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಹೆಸರು ಕೇಳಿ, ಅವನು ಹೇಳಿ ಮುಗಿಸುವ ಮುಂಚೆ ಎದ್ದು ಹೋದ ದಿನ. ಅಂಥ ದಿನ ಎದೆ ಮೇಲೆ ಯಾರೋ ಕೂತ ಹಾಗಾಗುತ್ತದೆ, ನಿದ್ದೆ ಬರುವುದಿಲ್ಲ, ಅನ್ನ ಇಳಿಯುವುದಿಲ್ಲ. ಕಡ್ಡಿ ಗೀರಿ ಹುಲ್ಲಿಗೆ ಇಟ್ಟ ಕೂಡಲೇ ಅದು ಇಳಿಯುತ್ತದೆ. ಆಮೇಲೆ ಕೂಗಿದರೆ ಊರೆಲ್ಲ ಓಡಿ ಬರುತ್ತದೆ.

"ಇವನಿಗೆ ಬೆಂಕಿ ಹುಚ್ಚಾ ಮೇಡಂ?" ಅಂತ ನಮ್ಮ ಮನೆಯವರು ಕೇಳಿದರು.

"ಬೆಂಕಿ ಹಚ್ಚೋರೆಲ್ಲ ಒಂದೇ ತರ ಇರಲ್ಲ. ಕೆಲವರಿಗೆ ಸೇಡು. ಕೆಲವರು ಕುಡಿದಿರ್ತಾರೆ. ಕೆಲವರಿಗೆ ಯಾರೋ ಕಿವಿಯಲ್ಲಿ ಹೇಳಿದ ಹಾಗೆ ಕೇಳುತ್ತೆ, ಅವರಿಗೆ ಔಷಧಿ ಬೇಕೇ ಬೇಕು. ಬೆಂಕಿ ನೋಡೋದೇ ಆಸೆ ಅನ್ನೋರು ಬಹಳ ಕಡಿಮೆ. ಸಿಟ್ಟು ಬಂದಾಗ ಬಾಯಿ ಬಿಟ್ಟು ಹೇಳೋಕೆ ಆಗದೆ ಹಚ್ಚೋರು ಜಾಸ್ತಿ. ನಿಮ್ಮ ತಮ್ಮ ಅಂಥವರು. ಆದರೆ ಮಾಡಿದ್ದು ಸಣ್ಣದಲ್ಲ. ಮೇಲೆ ಯಾರಾದರೂ ದನ ಕಾಯ್ತಾ ಇದ್ದಿದ್ದರೆ ಸಾಯ್ತಿದ್ದರು. ಅದನ್ನೂ ಅವರಿಗೆ ಹೇಳಿದ್ದೀನಿ."

ನನಗೆ ಮೊದಲ ಲೋಟ ನೆನಪಾಯಿತು. ನಮ್ಮ ಕೂಗಿನ ಪದ್ಧತಿ ಹೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಊರಲ್ಲಿ ಇವರಿಗೆ ಮರ್ಯಾದೆ ಸಿಗೋಕೆ ಇದ್ದದ್ದು ಅದೊಂದೇ ದಾರಿ ಅನ್ನಿ. ಇನ್ನೊಂದು ದಾರಿ ಮಾಡಿಕೊಡಿ" ಅಂದರು.

ದೊಡ್ಡ ಮಾತ್ರೆಗಳೇನೂ ಇರಲಿಲ್ಲ. ತಿಂಗಳಿಗೆರಡು ಸಲ ಬಂದು ಮಾತಾಡಬೇಕು. ಉಗ್ಗಿಗೂ ಅಲ್ಲೇ ಒಬ್ಬರು ಉಸಿರು ಹಿಡಿಯುವ ಕ್ರಮ ಕಲಿಸುತ್ತಾರೆ. ಮನೆಯಲ್ಲಿ ಸದ್ಯಕ್ಕೆ ಕಡ್ಡಿಪೆಟ್ಟಿಗೆ ಅವನ ಕೈಗೆ ಸಿಗಬಾರದು, ಆದರೆ ಜೇಬು ತಡಕುವುದು, ಕೈ ಮೂಸುವುದು ಮಾಡಬಾರದು, ಅನುಮಾನ ಬಂದರೆ ನೇರ ಕೇಳಬೇಕು. ಅವನ ಮಾತನ್ನು ಯಾರೂ ಮುಗಿಸಿ ಕೊಡಬಾರದು. ಎದೆ ಮೇಲೆ ಭಾರ ಕೂತ ದಿನ ಅವನು ಹೇಗಾದರೂ ನಮಗೆ ತಿಳಿಸಬೇಕು, ಆ ಭಾರ ಇಳಿಯುವವರೆಗೆ ಒಬ್ಬನೇ ಇರಬಾರದು.

ತಿಳಿಸುವುದು ಹೇಗೆ ಅನ್ನುವುದಕ್ಕೆ ಲೋಕಪ್ಪನೇ ಒಂದು ದಾರಿ ಹುಡುಕಿದ. ಜಗಲಿ ಮೇಲೆ ಕಾಲು ತೊಳೆಯುವ ಹಿತ್ತಾಳೆ ಚೊಂಬು ಇರುತ್ತಿತ್ತು. ಅದನ್ನು ಬೋರಲು ಹಾಕಿದರೆ ಇವತ್ತು ಸರಿಯಿಲ್ಲ ಅಂತ ಅರ್ಥ. ನಾನು ಒಲೆ ಮೇಲೆ ಏನಿದ್ದರೂ ಇಳಿಸಿ ಅವನ ಹತ್ತಿರ ಹೋಗಿ ಕೂರುವುದು. ಕಡ್ಡಿಪೆಟ್ಟಿಗೆ ನನ್ನ ಸೆರಗಿನ ಗಂಟಿಗೆ ಬಂತು. ದೇವರ ದೀಪ ಹಚ್ಚುವಾಗಲೆಲ್ಲ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಗೌಡರ ಸುಟ್ಟ ತೋಟಕ್ಕೆ ಗಿಡ ನೆಡುವ ಕೆಲಸ ಲೋಕಪ್ಪನದು ಅಂತ ಡಾಕ್ಟರಮ್ಮನ ಮುಂದೆಯೇ ತೀರ್ಮಾನ ಆಗಿತ್ತು. ಮುಂಗಾರು ಹಿಡಿದ ಮೇಲೆ ಕಂಬಳಿ ಕೊಪ್ಪೆ ಹೊದ್ದು ಹೋಗಿ ಗುಂಡಿ ತೋಡಿ ಒಂದೊಂದೇ ಸಸಿ ಇಟ್ಟ. ಗೌಡರು ಮೊದಮೊದಲು ದೂರದಿಂದ ನೋಡಿ ಹೋಗುತ್ತಿದ್ದರು. ಅವರಿಗೆ ಆ ಅಂಚು ಕಂಡರೆ ಹೊಟ್ಟೆ ಉರಿಯುತ್ತಿತ್ತು, ಅದರಲ್ಲಿ ತಪ್ಪೇನಿದೆ. ಒಂದು ದಿನ ಅವರೇ ಬಂದು ಸಸಿಯ ಬುಡ ಮೆಟ್ಟುವ ರೀತಿ ತೋರಿಸಿದರಂತೆ. ಆ ರಾತ್ರಿ ಊಟಕ್ಕೆ ಕೂತಾಗ ಲೋಕಪ್ಪ ಆ ಸಂಗತಿಯನ್ನು ಪೂರ್ತಿ ಹೇಳಿದ. ಸಾರು ಆರಿ ಹೋಯಿತು, ನಾವು ಕಾದೆವು.

ಎಲ್ಲ ನೆಟ್ಟಗೆ ಹೋಯಿತು ಅಂತಲ್ಲ. ಆಷಾಢದ ಮಳೆಯಲ್ಲಿ ಘಟ್ಟದಲ್ಲಿ ಗುಡ್ಡ ಜರಿದು ಬಸ್ಸು ನಿಂತಿತು. ಡಾಕ್ಟರಮ್ಮನ ಹತ್ತಿರ ಹೋಗಲು ದಾರಿ ಇಲ್ಲ. ಅದೇ ವಾರ ಅವನು ಮೂಡಿಗೆರೆ ಪೇಟೆಗೆ ಹೋಗಿ ಬಂದ. ನಾನು ಮಧ್ಯಾಹ್ನ ಬಟ್ಟೆ ಒಣಹಾಕಲು ಬಂದರೆ ಚೊಂಬು ಬೋರಲು ಬಿದ್ದಿತ್ತು. ಬಟ್ಟೆ ಅಲ್ಲೇ ಬಿಟ್ಟು ಅವನನ್ನು ಹುಡುಕಿದೆ. ಕೊಟ್ಟಿಗೆಯಲ್ಲಿ, ಹುಲ್ಲಿನ ರಾಶಿಯ ಪಕ್ಕವೇ ಕೂತಿದ್ದ. ಹತ್ತಿರ ಹೋಗಿ ಒಂದು ಮೊರ ಹಲಸಿನ ಬೀಜ ಮಧ್ಯೆ ಇಟ್ಟುಕೊಂಡು ಸಿಪ್ಪೆ ಸುಲಿಯತೊಡಗಿದೆ. ಅವನೂ ಸುಲಿದ. ಮೊರ ಅರ್ಧ ಆಗುವವರೆಗೆ ಮಾತಿಲ್ಲ. ಆಮೇಲೆ ಬಂತು. ಅಂಗಡಿಯಲ್ಲಿ ಯಾರೋ, "ಬೆಂಕಿ ಲೋಕ ಬಂದ, ಸೀಮೆಎಣ್ಣೆ ಡಬ್ಬ ಒಳಗಿಡ್ರಪ್ಪ" ಅಂದಿದ್ದರು.

"ಸಿಟ್ಟು ಬಂತಾ?" ಅಂದೆ.

"ಬ-ಬಂತು ಅತ್ತಿಗೆ. ಅ-ಅವನ ಅಂಗಡಿ ಸು-ಸುಡಬೇಕು ಅನ್ನಿಸ್ತು."

ನೇರ ಕೇಳಬೇಕು ಅಂದಿದ್ದರಲ್ಲ, ಕೇಳಿದೆ. "ಕಡ್ಡಿಪೆಟ್ಟಿಗೆ ತಂದಿದ್ದೀಯಾ?"

ಕೈಯಲ್ಲಿದ್ದ ಬೀಜ ಕೆಳಗಿಟ್ಟು ಅಂಗಿಯ ಜೇಬಿನಿಂದ ಹೊಸ ಪೆಟ್ಟಿಗೆ ತೆಗೆದು ಮೊರದಲ್ಲಿ ಇಟ್ಟ. ಬೀಜದ ಜೊತೆ. ನಾನು ಅಳಲಿಲ್ಲ, ಬೈಯಲೂ ಇಲ್ಲ. ಸೆರಗಿನ ಗಂಟಿಗೆ ಅದನ್ನೂ ಸೇರಿಸಿ, ಉಳಿದ ಬೀಜ ಸುಲಿದು ಮುಗಿಸಿದೆವು. ಆ ಸಂಜೆ ಬೀಜದ ಸಾರು ಮಾಡಿದೆ, ಎರಡು ಸಲ ಹಾಕಿಸಿಕೊಂಡು ಉಂಡ. ತಾನಾಗಿ ತೆಗೆದು ಕೊಟ್ಟ ಆ ಪೆಟ್ಟಿಗೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಕಾಫಿ ಕುಯ್ಲು ಬಂದಾಗ ಇನ್ನೊಂದು ದಾರಿ ತಾನಾಗಿ ತೆರೆಯಿತು. ಗೌಡರ ತೋಟದಲ್ಲಿ ಹಣ್ಣು ಕುಯ್ಯುವ ಆಳುಗಳು ಸಂಜೆ ತೂಕಕ್ಕೆ ಬರಬೇಕು. ಮೇಸ್ತ್ರಿ ಸೀಟಿ ಊದಿದರೆ ಕೆಳಗಿನ ಹಳ್ಳದವರಿಗೆ ಕೇಳುತ್ತಿರಲಿಲ್ಲ. ಜಯಮ್ಮ ಗಂಡನಿಗೆ, "ಊರಿಗೆಲ್ಲ ಕೇಳೋ ಗಂಟಲು ಪಕ್ಕದಲ್ಲೇ ಇದೆ, ನೀವು ಪೀಪಿ ಊದಿಸ್ತೀರಿ" ಅಂದಳಂತೆ. ಮಾರನೇ ದಿನದಿಂದ ಲೋಕಪ್ಪ ಕಣದ ಅಂಚಿನಲ್ಲಿ ನಿಂತು, "ತೂಕಕ್ಕೆ ಬನ್ರೋ" ಅಂತ ಕೂಗತೊಡಗಿದ. ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಮೊದಲ ದಿನ ಆ ಕಂಠ ಕೇಳಿ ನಾನು ಅಭ್ಯಾಸಬಲದಿಂದ ಗುಡ್ಡದ ಕಡೆ ಹೊಗೆ ಹುಡುಕಿದೆ. ಆಮೇಲಾಮೇಲೆ ಆ ಕೂಗಿಗೇ ಸಂಜೆ ಕಾಫಿಗೆ ನೀರಿಡುವುದು ರೂಢಿಯಾಯಿತು. ಕುಯ್ಲು ಮುಗಿದ ಮೇಲೆ ಗುಡ್ಡದ ಅಂಚಿನ ಹುಲ್ಲು ಸವರಿ ಬೆಂಕಿ ದಾಟದ ಹಾಗೆ ಬಯಲು ಗೆರೆ ಮಾಡುವ ಕೆಲಸಕ್ಕೂ ಅವನನ್ನು ಕರೆದರು. ಕತ್ತಿ ಹಿಡಿದು ಹತ್ತು ಜನರ ಸಾಲಿನಲ್ಲಿ ಅವನೂ ಇದ್ದ.

ಮತ್ತೆ ಹಲಸಿನಕಾಯಿ ಬಲಿತಿತು. ಕಾಫಿ ಮೊಗ್ಗು ತುಂಬಿಕೊಂಡು ಮಳೆಗೆ ಕಾಯುತ್ತಿತ್ತು, ಎರಡು ದಿನದಿಂದ ಸಂಜೆ ಮೋಡ ಕಟ್ಟಿ ಚದುರುತ್ತಿತ್ತು. ಗೌಡರು ಹೇಳಿದ ಗಡುವು ಮುಗಿಯಲು ಒಂದು ಮಳೆ ಬಾಕಿ. ನಾನು ಅಂಗಳದಲ್ಲಿ ಹಪ್ಪಳ ತಟ್ಟುತ್ತಿದ್ದೆ. ಲೋಕಪ್ಪ ಗುಡ್ಡದ ದಾರಿಯಿಂದ ಓಡಿ ಬಂದ.

"ಅ-ಅತ್ತಿಗೆ. ಕ-ಕರೆಂಟು ತಂತಿ. ಕೊಂಬೆ ತಾ-ತಾಗಿ ಕಿಡಿ ಬಿತ್ತು. ಹು-ಹುಲ್ಲು ಹತ್ತಿದೆ."

"ಕೂಗಲಿಲ್ಲ ಯಾಕೆ?"

"ನಾ-ನಾನೇ ಅಂತಾರೆ."

ತನ್ನ ಎರಡೂ ಕೈ ನನ್ನ ಮುಂದೆ ಚಾಚಿದ, ಮೂಸಿ ನೋಡು ಅನ್ನುವ ಹಾಗೆ. ನಾನು ಮೂಸಲಿಲ್ಲ. ನೇರ ಕೇಳುವುದೂ ಬೇಕು ಅನ್ನಿಸಲಿಲ್ಲ. ಗುಡ್ಡದ ಮೇಲೆ ಹೊಗೆ ಆಗಲೇ ನೆಟ್ಟಗೆ ಏಳುತ್ತಿತ್ತು.

"ಕೂಗು ಲೋಕಪ್ಪ" ಅಂದೆ. "ಅಂದರೆ ಅನ್ನಲಿ. ಗೌಡರ ಗಿಡ, ನೀನೇ ನೆಟ್ಟ ಗಿಡ ಮೇಲಿವೆ. ಕೂಗು."

ಅವನು ಜಗಲಿ ಮೇಲೆ ಹತ್ತಿ ನಿಂತು ಕೂಗಿದ. ಒಂದು ಸಲ ಕೂಗಿ ನಿಲ್ಲಿಸಿ, ಕಣಿವೆ ಕಡೆ ನೋಡಿದ. ಯಾರೂ ಕಾಣಲಿಲ್ಲ. ಆ ಒಂದು ನಿಮಿಷ ನನಗೆ ಒಂದು ವರ್ಷದಷ್ಟು ಉದ್ದ ಇತ್ತು. ಆಮೇಲೆ ಕೆಳಗಿನ ಮನೆಯಿಂದ ಒಬ್ಬರು, ಹಳ್ಳದ ಆಚೆಯಿಂದ ಇಬ್ಬರು, ಸೊಪ್ಪು ಮುರಿದುಕೊಂಡು ಬಂದರು. ನಮ್ಮ ಮನೆಯವರು ತೋಟದಿಂದ ಹತ್ತಿದರು. ಹಾಲಪ್ಪಗೌಡರು ಏದುಸಿರು ಬಿಡುತ್ತಾ ನಮ್ಮ ಅಂಗಳ ದಾಟುವಾಗ ಒಂದು ಕ್ಷಣ ನಿಂತು ಲೋಕಪ್ಪನ ಮುಖ ನೋಡಿದರು. ಅವನು ಕಣ್ಣು ತಗ್ಗಿಸಲಿಲ್ಲ. "ತಂ-ತಂತಿ ಗೌಡ್ರೇ" ಅಂದ. ಗೌಡರು ಹತ್ತಿ ಹೋದರು.

ಹಿಂದಿನ ವರ್ಷ ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ಅಲ್ಲೇ ನಿಂತಿದ್ದ. "ನಾ-ನಾನು ಹೋಗಲ್ಲ ಅತ್ತಿಗೆ. ಬೆಂಕಿ ಹ-ಹತ್ತಿರ ಹೋಗೋದು ಇ-ಇನ್ನೂ ಬೇಡ ಅಂತ ಡಾಕ್ಟರಮ್ಮ ಅಂದಿದ್ದಾರೆ. ಮ-ಮಜ್ಜಿಗೆ ನಾನು ಕಡೀತೀನಿ" ಅಂದ. ಕಡಗೋಲು ಹಿಡಿದು ಕೂತು ಕಡೆದ. ನಾನು ಶುಂಠಿ ಜಜ್ಜಿದೆ. ಮೇಲೆ ಸೊಪ್ಪು ಬಡಿಯುವ ಸದ್ದು ಕೇಳುತ್ತಲೇ ಇತ್ತು.

ಸವರಿದ ಗೆರೆ ದಾಟಿ ಬೆಂಕಿ ಈಚೆ ಬರಲಿಲ್ಲ. ಸಂಜೆಯಾಗುವ ಹೊತ್ತಿಗೆ ಎಲ್ಲರೂ ಮಸಿ ಬಳಿದುಕೊಂಡು ಇಳಿದು ಬಂದು ಅಂಗಳದಲ್ಲಿ ಕುಕ್ಕರಿಸಿದರು. ಗೌಡರು ಅಲ್ಲಿಯೇ, "ತಂತಿ ಇನ್ನೂ ಚಟಚಟ ಅಂತಿದೆ ಮಾರಾಯ್ರೇ, ಲೈನ್‌ಮನ್‌ಗೆ ಫೋನು ಮಾಡಬೇಕು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಲೋಕಪ್ಪ ಲೋಟಗಳ ತಟ್ಟೆ ಹಿಡಿದು ಹೋಗಿ ಮೊದಲನೆಯದನ್ನು ಅವರ ಕೈಗೆ ಕೊಟ್ಟ. ಗೌಡರು ತೆಗೆದುಕೊಂಡು, ಅದನ್ನೇ ಅವನ ಕಡೆ ಚಾಚಿದರು.

"ಕೂಗಿದವನಿಗೆ ಮೊದಲು."

ಲೋಕಪ್ಪ ತಲೆ ಅಲ್ಲಾಡಿಸಿದ. ಮಾತಾಡಲು ಶುರು ಮಾಡಿದ. ಮೊದಲ ಅಕ್ಷರವೇ ಗಂಟಲಲ್ಲಿ ನಿಂತಿತು. ಉಸಿರು ಬಿಟ್ಟ, ಮತ್ತೆ ಹಿಡಿದ, ಮತ್ತೆ ಶುರು ಮಾಡಿದ. ಬಾಯಾರಿ ನಾಲಗೆ ಒಣಗಿದ್ದ ಅಷ್ಟೂ ಜನ ತಟ್ಟೆಯ ಲೋಟಗಳನ್ನು ಮುಟ್ಟದೆ ಕಾದರು. ಯಾರೂ ಅವನ ಮಾತು ಮುಗಿಸಿ ಕೊಡಲಿಲ್ಲ, ಯಾರೂ ಕೆಮ್ಮಲೂ ಇಲ್ಲ.

"ನ-ನನಗೆ ಎಲ್ಲರದ್ದೂ ಆದ ಮೇಲೆ ಸಾಕು ಗೌಡ್ರೇ."

"ಆಯ್ತು ಮಾರಾಯ" ಅಂದು ಗೌಡರು ಲೋಟ ಎತ್ತಿದರು. ಆಗ ಎಲ್ಲರೂ ಕುಡಿದರು.

ಮಳೆ ಆವತ್ತು ಬರಲಿಲ್ಲ, ಎರಡು ದಿನ ಬಿಟ್ಟು ಬಂತು. ಆ ಸಂಜೆಯೇ ನಾನು ಲೋಟಗಳನ್ನು ತೊಳೆಯಲು ಹಾಕಿ, ಕಡ್ಡಿಪೆಟ್ಟಿಗೆಯನ್ನು ಸೆರಗಿನಿಂದ ಬಿಚ್ಚಿ ದೇವರ ಗೂಡಿನಲ್ಲಿ ದೀಪದ ಪಕ್ಕ ಇಟ್ಟೆ. ಅಂಗಳಕ್ಕೆ ಬಂದರೆ ಹಪ್ಪಳದ ಮೇಲೆಲ್ಲ ಬೂದಿ ಕೂತಿತ್ತು. ಅಂಚು ಆಗಲೇ ಒಣಗಿ ಏಳುತ್ತಿತ್ತು. ಚಾಪೆಯ ಪಕ್ಕ ಕೂತು, ಒಂದೊಂದನ್ನೇ ಬಟ್ಟೆಯಿಂದ ಒರೆಸಿ ಮಗುಚಿ ಹಾಕತೊಡಗಿದೆ.